ಒರ್ನೆಲಾಳ ತಲೆ, ಅಪ್ಪನ ಮೈದಾ

"ನನ್ನ ತಲೆ ಮೇಲೆ ಒಂದು ಚಿಟಿಕೆ ಹಿಟ್ಟು ಬೀಳಲಿ, ಹೆಸರೇ ಬದಲಾಯಿಸ್ಕೋತೀನಿ!"

ಬೆಳಗಿನ ಕಾಫಿಗೆ ಬ್ರೆಡ್ಡು ಅದ್ದುತ್ತಾ ಒರ್ನೆಲಾ ಹೀಗೆ ರಣಕಹಳೆ ಊದಿದಳು. ಅಪ್ಪ ಎಲ್ವಿಯೊ ಮೀಸೆಯಡಿ ನಕ್ಕ. ಅಜ್ಜಿ ದೆಲಿಯಾ ಮಾಟೆ ಎಲೆಯ ಬಿಸಿ ಕಷಾಯ ಹೀರುತ್ತಾ ಮೊಮ್ಮಗಳ ಕೂದಲನ್ನೇ ನೋಡಿದಳು. ಹುಟ್ಟಿನಿಂದ ಕುರಿಯ ಉಣ್ಣೆಯಂತೆ ಸುರುಳಿ ಸುತ್ತಿದ್ದ ಕೂದಲು ಇವತ್ತು ಇಸ್ತ್ರಿಯಾಗಿ, ಜಲಪಾತದಂತೆ ಬೆನ್ನ ಮೇಲೆ ಇಳಿದಿತ್ತು. ಸಂಜೆ ಸಹಪಾಠಿಗಳ ಬೀಳ್ಕೊಡುಗೆ ಕುಣಿತ. ಸೀರೊ ಎಂಬ ಹುಡುಗನೂ ಬರುವವನಿದ್ದ. ಆ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಒರ್ನೆಲಾ ನಂಬಿದ್ದಳು.

ರಾಫಾಯೆಲಾ ಊರಿನಲ್ಲಿ ಹೈಸ್ಕೂಲಿನ ಕೊನೆಯ ಪರೀಕ್ಷೆ ಪಾಸಾದವರನ್ನು ಸುಮ್ಮನೆ ಮನೆಯೊಳಗೆ ಬಿಡುವವರಿಲ್ಲ. ಹೊಸಿಲಲ್ಲೇ ತಲೆಗೆ ಮೊಟ್ಟೆ ಒಡೆದು, ಹಿಟ್ಟು ಸುರಿದು, ಬೀದಿಗೆಲ್ಲ ತೋರಿಸಬೇಕು. ಅದೇ ಆರತಿ, ಅದೇ ಸನ್ಮಾನ! ಬೇರೆ ಮನೆಗಳಲ್ಲಿ ಒಂದು ಬೊಗಸೆ ಹಿಟ್ಟಿನಲ್ಲಿ ಮುಗಿದೀತು. ಎಲ್ವಿಯೊನದು ಬೇಕರಿ! ಮಗಳು ಒಂದನೇ ತರಗತಿ ಸೇರಿದಂದಿನಿಂದ ಈ ದಿನಕ್ಕೆ ಕಾದವನು. ನಿನ್ನೆಯೇ ಒಳ್ಳೆಯ ಮೈದಾ ಜರಡಿ ಹಿಡಿದು ಇಟ್ಟಿದ್ದ.

"ಫಲಿತಾಂಶ ಬರ್ಲಿ ಕಣೋ ಮೊದ್ಲು," ಅಂದಳು ಅಜ್ಜಿ. "ಗಣಿತ ಇನ್ನೂ ಬಾಕಿ ಇದೆ ಇವಳದು. ಇವತ್ತೇ ಪರೀಕ್ಷೆ, ಇವತ್ತೇ ಫಲಿತಾಂಶ."

"ಗಣಿತವಾ? ಅದು ನಂಗೆ ನೀರು ಕುಡಿದ ಹಾಗೆ ಅಂತ ಇವಳೇ ದಿನಾ ಹೇಳ್ತಾಳಲ್ಲಮ್ಮ!"

ಹೌದು, ಹೇಳಿದ್ದಳು. ದಿನಾ ಹೇಳಿದ್ದಳು. ಪುಸ್ತಕ ತೆರೆದರೆ ಮಾತ್ರ ಗಂಟಲಲ್ಲಿ ಕಡುಬು ಸಿಕ್ಕಿಕೊಂಡಂತಾಗುತ್ತಿತ್ತು. ಗೆಳತಿಯರೆಲ್ಲ ಕಾಲೇಜಿಗೆಂದು ಕೋರ್ದೊಬಾದಲ್ಲಿ ಕೋಣೆ ಹುಡುಕಿಯಾಗಿದೆ, ಇವಳಿಗೂ ಒಂದು ಮಂಚ ಹಿಡಿದಿದ್ದಾರೆ. ಇವತ್ತು ಡುಮ್ಕಿ ಹೊಡೆದರೆ ಮಂಚ ಬೇರೆಯವಳ ಪಾಲು. ಅವರು ಪಟ್ಟಣದಲ್ಲಿ, ಇವಳು ಒಲೆಯ ಮುಂದೆ! ಇದನ್ನು ಅಪ್ಪನಿಗೆ ಹೇಳುವುದು ಹೇಗೆ?

ಪರೀಕ್ಷೆ ಮುಗಿಯಿತು. ಗಣಿತದ ಟೀಚರ್ ಸಿಮೊನೆತ್ತಿ ಉತ್ತರ ತಿದ್ದಲು ಒಳಗೆ ಹೋದರು. ಅವರು ನಕ್ಕದ್ದನ್ನು ಶಾಲೆಯಲ್ಲಿ ಕಂಡವರಿಲ್ಲ. ಮಕ್ಕಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಹಾಳು ಶಾಲೆ ಯಾವಾಗ ಮುಗಿದೀತೋ ಎಂದು ವರ್ಷವೆಲ್ಲ ಗೊಣಗಿದ್ದ ಒರ್ನೆಲಾಗೆ ಈಗ ಆ ಬೆಂಚು, ಸುಣ್ಣ ಉದುರಿದ ಗೋಡೆ, ತೊಟ್ಟಿಕ್ಕುವ ನಲ್ಲಿ, ಎಲ್ಲದರ ಮೇಲೂ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಹುಡುಗಿ ಫಲಿತಾಂಶವನ್ನೂ ಕೇಳದೆ, ಚೀಲವನ್ನೂ ಎತ್ತದೆ, ಓಟ ಕಿತ್ತಳು!

ಮನೆಯ ಬೀದಿಗೆ ಬಂದ ಮೇಲೆ ನೆನಪಾಯಿತು: ಬೀಗದ ಕೈ ಚೀಲದಲ್ಲಿದೆ. ಅದೂ ಒಳ್ಳೆಯದೇ! ಮುಂಬಾಗಿಲ ಹಿಂದೆ ಅಪ್ಪ ಹೊಂಚು ಹಾಕಿರುತ್ತಾನೆ. ಪಾಸೋ ಫೇಲೋ ತಿಳಿಯದ ತಲೆಗೆ ಮೊಟ್ಟೆ ಬಿದ್ದರೆ ಆ ಅವಮಾನ ತೊಳೆಯಲು ಯಾವ ಸೋಪು ಇದೆ? ಪಕ್ಕದ ಮನೆಯ ಅಂಗಳಕ್ಕೆ ನುಗ್ಗಿ, ಗೋಡೆ ಹತ್ತಿ, ಹಿತ್ತಿಲಿಗೆ ಧುಮುಕಿದಳು. ಬಿದ್ದದ್ದು ಅಜ್ಜಿಯ ಟೊಮೆಟೊ ಮಡಿಯಲ್ಲಿ. ಹಣ್ಣೆಲ್ಲ ಅಪ್ಪಚ್ಚಿ, ಹುಡುಗಿಯ ಸೊಂಟವೂ ಅರ್ಧ ಅಪ್ಪಚ್ಚಿ. ಕೂದಲಿಗೆ ಮಾತ್ರ ಧಕ್ಕೆಯಿಲ್ಲ!

"ಗೆದ್ದೆ!" ಎಂದು ಕೈಯೆತ್ತುವಷ್ಟರಲ್ಲಿ ಮುಂಬಾಗಿಲ ಗಂಟೆ ಮೊಳಗಿತು.

"ಬಂದ್ಲು, ಬಂದ್ಲು!" ಎಂದು ಒಳಗೆ ಅಪ್ಪ ಪಿಸುಗುಟ್ಟಿದ್ದು ಹಿತ್ತಿಲಿಗೂ ಕೇಳಿತು.

"ತಾಳೋ, ಕಣ್ಣು ಬಿಟ್ಟು ನೋಡು..." ಅಜ್ಜಿ ಹೇಳುತ್ತಲೇ ಇದ್ದಳು. ಬಾಗಿಲು ತೆರೆಯಿತು. ಟಪ್! ಟಪ್! ಆಮೇಲೆ ಮೈದಾ ಮೂಟೆ ಬೋರಲಾದ ಭಾರೀ ಸದ್ದು.

ಹಾಗಾದರೆ ನನ್ನ ಪಾಲಿನ ಸನ್ಮಾನ ಯಾರಿಗೆ ಆಯಿತು? ಒರ್ನೆಲಾ ಕುಂಟುತ್ತಾ ಅಡುಗೆಮನೆ ದಾಟಿ ಇಣುಕಿದಳು. ಹೊಸಿಲ ಮೇಲೆ ಬಿಳಿಯ ವಿಗ್ರಹವೊಂದು ನಿಂತಿತ್ತು. ಕನ್ನಡಕದ ಮೇಲಿಂದ ಮೊಟ್ಟೆಯ ಹಳದಿ ನಿಧಾನವಾಗಿ ಇಳಿಯುತ್ತಿತ್ತು. ವಿಗ್ರಹದ ಕೈಯಲ್ಲಿ ಅವಳದೇ ಶಾಲೆಯ ಚೀಲ!

"ಟೀಚರ್!"

"ನೀನು ಚೀಲ ಬಿಟ್ಟು ಬಂದಿದ್ದೆ," ಅಂತು ವಿಗ್ರಹ, ಹಿಟ್ಟು ಉಗುಳುತ್ತಾ. "ಕೊಟ್ಟು ಹೋಗೋಣ ಅಂತ ಬಂದೆ. ನಿಮ್ಮ ಬೇಕರೀಲಿ ಗಿರಾಕಿಗಳಿಗೆಲ್ಲಾ ಹೀಗೇ ಉಪಚಾರಾನಾ?"

ಎಲ್ವಿಯೊ ಮಂಡಿಯೂರಿಯೇ ಬಿಟ್ಟ. "ತಪ್ಪಾಯ್ತು ತಾಯಿ! ಮಗಳು ಅಂದ್ಕೊಂಡೆ! ಪಾಸಾಗಿ ಬಂದ್ಲು ಅಂತ..."

"ಪಾಸಾದ್ಲು ಅಂತ ನಿಮಗೆ ಹೇಳಿದ್ಯಾರು?"

ಅಪ್ಪ ಮಗಳ ಕಡೆ ತಿರುಗಿದ. ಅವನ ಮೀಸೆಗೂ ಹಿಟ್ಟು ಮೆತ್ತಿತ್ತು, ಮುಖ ಅದಕ್ಕಿಂತ ಬಿಳುಪಾಗಿತ್ತು.

"ನಂಗೇ ಗೊತ್ತಿಲ್ಲಪ್ಪಾ. ಹೆದರಿ ಓಡಿ ಬಂದೆ. ಗಣಿತ ನಂಗೆ ಬರಲ್ಲ. ನೀರು ಕುಡಿದ ಹಾಗೆ ಅಂದದ್ದೆಲ್ಲ ಸುಳ್ಳು."

ಅಜ್ಜಿ ಟವೆಲು ತಂದು ಟೀಚರ ಕನ್ನಡಕ ಒರೆಸಿದಳು. "ನಮ್ಮ ಹುಡುಗಿ ಬಾಯಿ ದೊಡ್ಡದು, ಮನಸ್ಸು ಪುಕ್ಕಲು. ಹೇಳ್ಬಿಡಿ ಟೀಚರ್, ಏನಾಯ್ತು?"

ಸಿಮೊನೆತ್ತಿ ಕನ್ನಡಕ ಏರಿಸಿದರು. ಹುಡುಗಿಯನ್ನು ಮೇಲಿನಿಂದ ಕೆಳಗೆ, ಟೊಮೆಟೊ ಮೆತ್ತಿದ ಮಂಡಿಯವರೆಗೂ ನೋಡಿದರು.

"ಎಲ್ವಿಯೊ, ಇನ್ನೊಂದು ಮೊಟ್ಟೆ ಉಳಿದಿದೆಯಾ?"

"ಇದೆ ತಾಯಿ. ನನ್ನ ತಲೆಗೇ ಹೊಡೀರಿ, ಬೇಜಾರಿಲ್ಲ," ಎಂದು ಅವನು ತಲೆ ತಗ್ಗಿಸಿದ.

ಟೀಚರು ಮೊಟ್ಟೆ ತೆಗೆದುಕೊಂಡು ಅವನನ್ನು ದಾಟಿ ಮುಂದೆ ಬಂದರು. ಮೊಟ್ಟೆ ಹಿಡಿದ ಕೈ ಮೇಲೆದ್ದು, ಒರ್ನೆಲಾಳ ಇಸ್ತ್ರಿಯಾದ ಜಲಪಾತದ ನೆತ್ತಿಯ ಮೇಲೆ ಬಂದು ನಿಂತಿತು. ಅಲ್ಲೇ ನಿಂತಿತು. ಫೇಲಾದವರ ತಲೆಗೆ ಈ ಊರಿನಲ್ಲಿ ಯಾರೂ ಮೊಟ್ಟೆ ಒಡೆಯುವುದಿಲ್ಲ!

ಒರ್ನೆಲಾ ಕಣ್ಣು ಮುಚ್ಚಿದಳು. ಸಂಜೆಯ ಕುಣಿತವೂ ಸೀರೊನೂ ಎಲ್ಲಿಗೆ ಹಾರಿಹೋದರೋ! ಕೊಕ್ಕರೆಯಂತೆ ಕತ್ತು ಚಾಚಿ, ತಲೆಯನ್ನು ತಾನೇ ಮುಂದಕ್ಕೊಡ್ಡಿದಳು.

ಟಪ್!

"ಅಂಚಿನಲ್ಲಿ ಪಾಸಾಗಿದೀಯ," ಅಂದರು ಸಿಮೊನೆತ್ತಿ. ಹಿಟ್ಟಿನೊಳಗಿಂದ ಹಲ್ಲು ಕಂಡವು!

ಹಳದಿ ಹಣೆಗಿಳಿದು, ಮೂಗಿಗಿಳಿದು, ತುಟಿಗೆ ಬಂತು. ಕೂದಲು ಅದಾಗಲೇ ಮತ್ತೆ ಸುರುಳಿ ಸುತ್ತತೊಡಗಿತ್ತು. ಒರ್ನೆಲಾ ಅಳುತ್ತಾ ನಗುತ್ತಾ ಕೂಗಿದಳು:

"ಅಪ್ಪಾ, ಬರೀ ಮೊಟ್ಟೇನಾ? ನನ್ನ ಪಾಲಿನ ಹಿಟ್ಟು ಎಲ್ಲಿ?"