ಅವ್ವನ ಸಮುದ್ರಕ್ಕೆ ಸಾಹೇಬರ ಅಪ್ಪಣೆ

ಕೆಲಸದಲ್ಲಿರುವಷ್ಟು ದಿನ ಗಂಡನಿಗೂ ಹೆಂಡತಿಗೂ ಬೇಕಾಗಿರುವುದು ಒಂದೇ, ರಜೆ. ನಿವೃತ್ತಿಯಾಗಿ ರಜೆ ಮೂಟೆಗಟ್ಟಲೆ ಸಿಕ್ಕ ಮೇಲೆ ಒಬ್ಬರು ಮೂಡಣಕ್ಕೆ, ಇನ್ನೊಬ್ಬರು ಪಡುವಣಕ್ಕೆ ಮುಖ ಮಾಡುತ್ತಾರೆಂದು ನಾನು ನಂಜನಗೂಡಿನ ನಮ್ಮ ಮನೆಯ ಜಗಲಿಯಲ್ಲಿ ಕೂತೇ ಕಂಡುಕೊಂಡೆ. ನನಗೆ ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದ ಕಡೆ ಭಾವೀ ಮಾವನ ಕೆಮ್ಮನ್ನು ಅವರೆದುರೇ ಅಣಕಿಸಿ ತೋರಿಸಿದ್ದರಿಂದ ಸದ್ಯಕ್ಕೆ ಆಗುವಂತೆಯೂ ಇಲ್ಲ. ಹಾಗಾಗಿ ಅನುಭವವೆಲ್ಲ ಅಪ್ಪ ಅವ್ವನದು, ಬಾಯಿ ಮಾತ್ರ ನನ್ನದು.

ಅಪ್ಪ ತಿ. ನರಸೀಪುರದ ಸರ್ಕಾರಿ ಕಚೇರಿಯೊಂದರಲ್ಲಿ ಜವಾನರಾಗಿದ್ದು, ದಿನಾ ಬಸ್ಸಿನಲ್ಲಿ ಓಡಾಡಿದವರು. ಅವ್ವ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದವಳು. ಇಬ್ಬರೂ ಹಿಂದೆ ಮುಂದೆ ನಿವೃತ್ತರಾದರು. ಅವ್ವನಿಗೆ ಮಂಗಳೂರಿಗೆ ಹೋಗಿ ಸಮುದ್ರ ನೋಡುವಾಸೆ. ಅಪ್ಪನಿಗೆ ನರಸೀಪುರದ ಸಂಗಮವೇ ಸಾಕು.

"ಅಲ್ಲೂ ನೀರೇ, ಇಲ್ಲೂ ನೀರೇ ಕಣಮ್ಮಿ. ನರಸೀಪುರದಲ್ಲಿ ಎರಡೆರಡು ಒಳೆ ಸೇರ್ತವೆ. ಬೆಳಗ್ಗೆ ಓಗಿ ಉಣ್ಣೋ ಒತ್ಗೆ ಬರಬೌದು."

"ನಾನೇನು ಬಟ್ಟೆ ಒಗೆಯಾಕೆ ಓಗ್ಬೇಕಾ? ಆಚೆ ದಡ ಕಾಣ್ದೇ ಇರೋ ನೀರು ನೋಡ್ಬೇಕು. ಇಷ್ಟು ವರ್ಸ ಸಾರಿನ ಅಂಡೇಲೇ ಸಮುದ್ರ ನೋಡಿದ್ದಾಯ್ತು."

ಮೂರು ತಿಂಗಳು ಹೀಗೇ ನಡೆದು, ಅವ್ವ ಮೊದಲು ಮಾತು ಬಿಟ್ಟಳು, ಆಮೇಲೆ ಸಾರಿಗೆ ಉಪ್ಪು ಬಿಟ್ಟಳು. ಕೊನೆಗೊಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೂತಳು. "ಊರಿನೋರನ್ನೆಲ್ಲ ಅಣಕಿಸ್ತೀಯ. ನಿಮ್ಮಪ್ಪನ ಸಾಯೇಬ್ರ ದನೀಲಿ ಒಂದು ಫೋನ್ ಮಾಡು ಕಣ್ಲಾ. ನಾನು ಯೋಳಿದ್ರೆ ಕೇಳಾಕಿಲ್ಲ, ಅವ್ರು ಯೋಳಿದ್ರೆ ಬಾವಿಗೂ ಬೀಳ್ತಾರೆ."

ಆ ಸಾಹೇಬರು ವರ್ಗವಾಗಿ ಹೋಗಿ ಎಷ್ಟೋ ಕಾಲವಾಗಿತ್ತು. ಆದರೆ ಅವರ ಮೂಗಿನ ದನಿ ತೆಗೆದು ಅಪ್ಪನಿಂದ ಬೈಸಿಕೊಳ್ಳುವುದು ನನ್ನ ಹಳೆಯ ಹವ್ಯಾಸ. ಗೆಳೆಯನ ಫೋನು ತಂದು, ಕೊಟ್ಟಿಗೆಯ ಹಿಂದೆ ನಿಂತು, "ಏನಯ್ಯಾ ಸಿದ್ದಯ್ಯ, ಹೆಂಡತಿಗೆ ಸಮುದ್ರ ತೋರಿಸಲಿಲ್ಲವಂತೆ?" ಎಂದು ಗದರಿದೆ. ಮನೆಯ ಕಿಟಕಿಯಲ್ಲಿ ನೋಡಿದರೆ ಅಪ್ಪ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಉಕ್ಕಿದ ನಗುವನ್ನು ಸಾಹೇಬರ ಕೆಮ್ಮು ಮಾಡಿ ನುಂಗಿದೆ.

"ನಿಮ್ತಾವ ಮುಚ್ಚಿಡಾದೇನು ಸಾ," ಅಪ್ಪ ದನಿ ತಗ್ಗಿಸಿದರು. "ಶುಗರ್ ಬಂದದೆ. ಗಂಟೆಗೆರಡು ಸಲ ಒಂದಕ್ಕೆ ಇಳೀಬೇಕು. ನರಸೀಪುರಕಾದ್ರೆ ಎಂಗೋ ತಡಕತೀನಿ. ಮಂಗಳೂರ ತಂಕ ಬಸ್ ನಿಲ್ಸಿ, ಬಸ್ ನಿಲ್ಸಿ ಅಂತ ಎಂಡ್ತಿ ಮುಂದೆ ಎಂಗೆ ಕೇಳಾದು?"

ನಾನು ಮೂಗನ್ನು ಬೆರಳಲ್ಲಿ ಇನ್ನಷ್ಟು ಬಿಗಿಯಾಗಿ ಒತ್ತಿದೆ. ಸಾಹೇಬರ ದನಿಯಲ್ಲೇ ಹೇಳಿದೆ: "ರೈಲಿನಲ್ಲಿ ಹೋಗಯ್ಯಾ. ಒಳಗೇ ಎಲ್ಲ ಇರುತ್ತೆ."

"ಆಗ್ಲಿ ಸಾ. ಆದ್ರೆ ಮನೇಲಿ ಆಲು ಕರೆಯೋ ಅಸ ಅದೆಯಲ್ಲ. ಮಗ ಒಬ್ಬ ಅವ್ನೆ, ಎಲ್ಲಾರ ದನಿ ತೆಗೀತಾನೆ, ಕೆಚ್ಚಲು ಮಾತ್ರ ಮುಟ್ಟಾಕಿಲ್ಲ."

"ಕರೀತಾನೆ. ನಾನು ಹೇಳಿದೆ ಅಂತ ಹೇಳು" ಎಂದು ಸಾಹೇಬರು ನನ್ನನ್ನು ಒಂದು ವಾರಕ್ಕೆ ಹಸುವಿಗೆ ಬರೆದುಕೊಟ್ಟರು.

ಇಬ್ಬರೂ ರಾತ್ರಿ ರೈಲಿಗೆ ಹೊರಟರು. ಮಾರನೆಯ ಬೆಳಗ್ಗೆ ಅವ್ವನ ಸೀರೆ ಸುತ್ತಿಕೊಂಡು, ಅವ್ವನದೇ ದನಿಯಲ್ಲಿ "ಬಾ ನನ್ನವ್ವ" ಎಂದು ಹಸುವಿನ ಮೈ ಸವರಿದೆ. ಅದು ಕತ್ತು ತಿರುಗಿಸಿ, ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, ಬಕೆಟ್ಟಿಗೆ ಒದೆಯಿತು. ಅಷ್ಟರಲ್ಲಿ ಅವ್ವನ ಫೋನು. "ಆಚೆ ದಡ ಇಲ್ವೇ ಇಲ್ಲ ಕಣ್ಲಾ," ಎಂದಳು. ಹಿಂದೆ ಅಲೆಯ ಸದ್ದು. ಅಪ್ಪ ಫೋನು ಇಸಿದುಕೊಂಡರು.

"ಆಲು ಕರೆದ್ಯಾ?"

"ಒದೀತದೆ ಕಣಪ್ಪ."

"ನಿನ್ ಕೈಲಿ ಆಗ್ದಿದ್ರೆ ಸಾಯೇಬ್ರಿಗೆ ಯೋಳು. ಕೊಟ್ಟಿಗೆ ಇಂದ್ಗಡೇನೇ ನಿಂತಿರ್ತಾರೆ."

ನನ್ನದೇ ದನಿಯಲ್ಲಿ "ಆಯ್ತು ಕಣಪ್ಪ" ಎಂದು ಫೋನಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮತ್ತೆ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ.