ಶುಕ್ರವಾರದ ಈಡು

ಅಪ್ಪನಿಂದ ಮಕ್ಕಳಿಗೆ ಏನೇನೋ ಬರುತ್ತದೆ. ಕೆಲವರಿಗೆ ಗದ್ದೆ, ಕೆಲವರಿಗೆ ಮೂಗು, ಕೆಲವರಿಗೆ ಸಕ್ಕರೆ ಕಾಯಿಲೆ. ನಮ್ಮ ಬೆಳ್ತಂಗಡಿಯ ಮನೆಯಲ್ಲಿ ಪಾಲಾದಾಗ ಪಪ್ಪನ ಕೋವಿ ಲೈಸೆನ್ಸ್ ಸಮೇತ ಅಣ್ಣನಿಗೆ ಹೋಯಿತು. ಕೋವಿಗೆ ಈಡು, ಅಂದರೆ ಮದ್ದುಗುಂಡು, ತುಂಬುವಾಗಿನ ಪಪ್ಪನ ಚಾಳಿಗಳು ಮಾತ್ರ ಒಂದೂ ಬಿಡದೆ ನನ್ನ ಪಾಲಿಗೆ ಬಂದವು. ಮಸ್ಕತ್ತಿನ ಅಲ್ ಅಮೇರಾತ್‌ನ ಎರಡು ಕೋಣೆಯ ಫ್ಲಾಟಿನಲ್ಲಿರುವ, ಆಟದ ಪಿಸ್ತೂಲೂ ಇಲ್ಲದ ಮನುಷ್ಯ ಆ ಚಾಳಿಗಳನ್ನು ಕಟ್ಟಿಕೊಂಡು ಏನು ಮಾಡಬೇಕು? ಐವತ್ತು ದಾಟಿದ ಮೇಲೆ ಅದಕ್ಕೂ ಒಂದು ದಾರಿ ಸಿಕ್ಕಿತು. ಗಂಡ ಹೆಂಡತಿ ಇಬ್ಬರಿಗೂ ಬಿ.ಪಿ., ನನಗೆ ಸಕ್ಕರೆ, ಅವಳಿಗೆ ಥೈರಾಯ್ಡ್. ವಾರದ ಏಳು ದಿನಕ್ಕೆ ಏಳು ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಡಬ್ಬಿ ಕೊಂಡು ತಂದೆ. ಶುಕ್ರವಾರ ರಜೆ. ಅಂದು ನಾನು ಡಬ್ಬಿ ತುಂಬಲು ಕೂರುತ್ತಿದ್ದೆ.

ಪಪ್ಪನದು ನಳಿಗೆಯ ಬಾಯಿಯಿಂದಲೇ ತುಂಬುವ ಹಳೆಯ ಕೇಪಿನ ಕೋವಿ. ಮರಗೆಣಸು ಅಗೆಯಲು ಬರುವ ಕಾಡುಹಂದಿಗಾಗಿ ಇಟ್ಟದ್ದು. ಅವರ ಆಯುಷ್ಯದಲ್ಲಿ ಹಂದಿ ಬಿದ್ದದ್ದು ಎರಡೋ ಮೂರೋ. ಈಡು ತುಂಬಿದ ಶಾಸ್ತ್ರ ಮಾತ್ರ ನೂರಾರು ಸಲ. ಜಗಲಿ ಗುಡಿಸಬೇಕು. ಗೋಣಿ ಹಾಸಬೇಕು. ಗಾಳಿಗೆ ಕೋವಿಮದ್ದು ಹಾರುತ್ತದೆಂದು ಕಿಟಕಿ ಹಾಕಬೇಕು. ರೇಡಿಯೋ ಬಂದ್. ಯಾರೂ ಮಾತಾಡಬಾರದು, ಕೆಮ್ಮು ಬಂದವರು ಅಂಗಳಕ್ಕೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ತುಂಬುವ ಮೊದಲು ಕಬ್ಬಿಣದ ಸರಳನ್ನು ನಳಿಗೆಯೊಳಗೆ ಇಳಿಸಿ ನೋಡುವುದು. ಸರಳಿನ ಮೇಲೆ ಒಂದು ಗೀರು ಇತ್ತು. ಗೀರು ಒಳಗೆ ಹೋದರೆ ಕೋವಿ ಖಾಲಿ, ಹೊರಗೆ ನಿಂತರೆ ಮೊದಲೇ ಈಡು ಉಂಟು ಎಂದರ್ಥ. "ಖಾಲಿ ಕೋವಿಯಿಂದ ಯಾರೂ ಸಾಯುವುದಿಲ್ಲ. ತುಂಬಿದ್ದಕ್ಕೇ ಮತ್ತೆ ತುಂಬಿದವನು ಸಾಯುತ್ತಾನೆ" ಎಂದು ಪಪ್ಪ ಮನೆಗೆ ಬಂದವರಿಗೆಲ್ಲ, ಚಹಾ ಬರುವ ಮೊದಲೇ ಹೇಳುತ್ತಿದ್ದರು.

ನಾನೂ ಹಾಗೆಯೇ. ಟೇಬಲ್ ಒರೆಸಿ ಹಳೆಯ ಟವೆಲ್ ಹಾಸುತ್ತೇನೆ. ಒಂದು ಸಲಕ್ಕೆ ಒಂದೇ ಜಾತಿಯ ಮಾತ್ರೆ ಹೊರಗೆ, ಉಳಿದದ್ದು ಚೀಲದಲ್ಲಿ. ಟಿ.ವಿ. ಬಂದ್, ಫೋನ್ ಬಂದ್, ಮಾತು ಬಂದ್. ಎ.ಸಿ.ಯೂ ಬಂದ್! ಮಾತ್ರೆ ಗಾಳಿಗೆ ಹಾರುವುದಿಲ್ಲವೆಂದು ನನಗೂ ಗೊತ್ತು. ಆದರೆ ಗಾಳಿ ಬೀಸುತ್ತಿದ್ದರೆ ನನ್ನ ಕೈ ಓಡುವುದಿಲ್ಲ, ಏನು ಮಾಡಲಿ? ಘಾಲಾ ಎಂಬ ಕೈಗಾರಿಕಾ ಪ್ರದೇಶದಲ್ಲಿರುವ ಬಿಡಿಭಾಗಗಳ ಗೋದಾಮಿನಲ್ಲಿ ವಾರವಿಡೀ ಬೋಲ್ಟು ಬೇರಿಂಗು ಎಣಿಸಿ ದಣಿದು ಬಂದವನು ರಜೆಯ ದಿನವೂ ಎಣಿಸುತ್ತ, ಬೆವರು ಒರೆಸುತ್ತ ಕೂರುವುದನ್ನು ಕಂಡರೆ ಶತ್ರುವಿಗೂ ಅಯ್ಯೋ ಅನ್ನಿಸಬೇಕು. ಹೆಂಡತಿ ಲಿಲ್ಲಿಗೆ ಅನ್ನಿಸುವುದಿಲ್ಲ. ಅವಳು ಸುಳ್ಯದವಳು. ನಮ್ಮ ಸಂಸಾರದ ಮಾತು ಕೊಂಕಣಿಯಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. "ಮಾರಾಯ್ರೆ, ಹದಿನಾಲ್ಕು ಮುಚ್ಚಳ ತುಂಬಲಿಕ್ಕೆ ಮುಕ್ಕಾಲು ಗಂಟೆಯಾ? ಮೇ ತಿಂಗಳಲ್ಲಿ ಎ.ಸಿ. ಬಂದ್ ಮಾಡಿ ಕೂತುಕೊಳ್ಳುವವರು ಈ ಇಡೀ ಒಮಾನಿನಲ್ಲಿ ನೀವೊಬ್ಬರೇ" ಎನ್ನುತ್ತಿದ್ದಳು. ನಾನು ಉತ್ತರ ಕೊಡುತ್ತಿರಲಿಲ್ಲ. ಈಡು ತುಂಬುವಾಗ ಮಾತಾಡಬಾರದಲ್ಲ.

ಹೀಗಿರುವಾಗ ಲಿಲ್ಲಿಗೆ ವಿಟಮಿನ್ ಡಿ ಕಡಿಮೆಯೆಂದು ರಿಪೋರ್ಟ್ ಬಂತು. ಹೊರಗೆ ಕಾಲಿಟ್ಟರೆ ಬಿಸಿಲು ತಲೆ ಒಡೆಯುವ ಈ ಊರಿನಲ್ಲಿ ಬಿಸಿಲಿನ ಕೊರತೆ! ಮನೆಯಿಂದ ಕಾರು, ಕಾರಿನಿಂದ ಆಫೀಸು, ಎಲ್ಲ ಕಡೆಯೂ ಪರದೆ ಎಳೆದು ಬದುಕಿದರೆ ಇನ್ನೇನಾಗುತ್ತದೆ? ಕ್ಲಿನಿಕ್ಕಿನ ಮಲಯಾಳಿ ಡಾಕ್ಟರು ಒಂದು ದಪ್ಪ ಮಾತ್ರೆ ಬರೆದುಕೊಟ್ಟು, "ವಾರಕ್ಕೆ ಒಂದೇ, ಸಂಡೇ ಊಟದ ಮೇಲೆ" ಎಂದರು. ನಾನು ಅದನ್ನು ಭಾನುವಾರದ ಮುಚ್ಚಳದಡಿ ಇಡತೊಡಗಿದೆ. ಲಿಲ್ಲಿ ಡಬ್ಬಿಯನ್ನು ಆಫೀಸಿಗೆ ಒಯ್ದು, ಆ ದಿನದ ಮುಚ್ಚಳ ತೆಗೆದು, ಒಳಗೆ ಏನಿದೆಯೆಂದು ನೋಡದೆ ನುಂಗುತ್ತಿದ್ದಳು. ಗಂಡನ ಮೇಲೆ ಅಷ್ಟು ನಂಬಿಕೆ.

ಎರಡು ತಿಂಗಳಾಗುವಾಗ ಅವಳಿಗೆ ಊಟ ಸೇರದಾಯಿತು. ವಾಕರಿಕೆ, ಸುಸ್ತು. ಹಾಡಿನ ತಂಡದಲ್ಲಿ ಮುಂದೆ ನಿಲ್ಲುತ್ತಿದ್ದವಳು ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರತೊಡಗಿದಳು. ನನ್ನನ್ನು ಬೈಯುವುದನ್ನೂ ಬಿಟ್ಟಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳಿಗೆ ಏನಾದರೂ ಆದರೆ ಈ ದೇಶದಲ್ಲಿ ನನಗಿರುವುದು ಒಂದು ಗೋದಾಮು ಮತ್ತು ಒಂದು ಟವೆಲ್.

ಮತ್ತೆ ರಕ್ತ ಪರೀಕ್ಷೆಯಾಯಿತು. ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿ ಕೇಳಿದರು: "ಆ ದೊಡ್ಡ ಮಾತ್ರೆ ವಾರಕ್ಕೆ ಎಷ್ಟು?"

"ಒಂದು" ಎಂದೆವು ಇಬ್ಬರೂ.

"ಯಾವ ದಿನ?"

"ಶುಕ್ರವಾರ" ಎಂದಳು ಲಿಲ್ಲಿ. "ಭಾನುವಾರ" ಎಂದೆ ನಾನು. ಎರಡೂ ಒಂದೇ ಉಸಿರಿಗೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಗ ನನಗೆ ಹೊಳೆಯಿತು. ನಮ್ಮಂಥ ಕ್ರೈಸ್ತರಿಗೆ ಇಲ್ಲಿ ಶುಕ್ರವಾರವೇ ಭಾನುವಾರ. ಭಾನುವಾರ ಎಲ್ಲರಿಗೂ ಕೆಲಸ, ಆದ್ದರಿಂದ ಭಾನುವಾರದ ಪೂಜೆಯನ್ನೇ ಪಾದ್ರಿಗಳು ಶುಕ್ರವಾರ ಅರ್ಪಿಸುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಭಾನುವಾರದ ಊಟವೂ ಶುಕ್ರವಾರವೇ. ಪೂಜೆ ಮುಗಿಸಿ ಬಂದು, ಎ.ಸಿ. ಬಂದ್ ಮಾಡಿ, ಬಾಯಿ ಮುಚ್ಚಿ ನಾನು ಡಬ್ಬಿ ತುಂಬುತ್ತಿದ್ದೆ. ಊಟವಾದ ಮೇಲೆ ಲಿಲ್ಲಿ, "ಸಂಡೇ ಮಾತ್ರೆ ಕೊಡಿ" ಎನ್ನುತ್ತಿದ್ದಳು. ಡಬ್ಬಿಯಲ್ಲಿ ಆಗಲೇ ಒಂದು ಇಟ್ಟದ್ದು ನೆನಪಾಗದೆ ನಾನು ಮಾತ್ರೆಯ ಹಾಳೆಯಿಂದ ಇನ್ನೊಂದನ್ನು ಬಿಡಿಸಿ ಅವಳ ಅಂಗೈಗೆ ಹಾಕುತ್ತಿದ್ದೆ. ಎರಡು ದಿನ ಕಳೆದು ಡಬ್ಬಿಯಿಂದ ಮತ್ತೊಂದು! ಸಾವಿರಾರು ಬೋಲ್ಟುಗಳ ಲೆಕ್ಕ ಇಡುವವನಿಗೆ ನಾಲ್ಕು ಮಾತ್ರೆಯ ಹಾಳೆ ಎರಡೇ ವಾರಕ್ಕೆ ಖಾಲಿಯಾದದ್ದು ತಿಳಿಯಲಿಲ್ಲ. ತುಂಬಿದ ಕೋವಿಗೇ ನಾನು ಮತ್ತೆ ತುಂಬಿದ್ದೆ.

"ಸಮಯಕ್ಕೆ ಬಂದಿರಿ, ಮಾತ್ರೆ ನಿಲ್ಲಿಸಿ, ಸರಿಯಾಗುತ್ತದೆ" ಎಂದರು ಡಾಕ್ಟರು. ಕಾರಿನಲ್ಲಿ ಲಿಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಬೈದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತು. ತಡೆಯಲಾರದೆ ಸಂಜೆ ಊರಿಗೆ, ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪಪ್ಪನ ಹೆಸರು ಕೆಡಿಸಿದೆನಲ್ಲ ಅಮ್ಮ, ಎಂದೆ. ಆಚೆ ಕಡೆ ಅಮ್ಮ ನಗತೊಡಗಿದರು.

"ನಿನ್ನ ಪಪ್ಪನದ್ದಾ? ಅವರು ಎಷ್ಟು ಸಲ ಎರಡೆರಡು ಈಡು ತುಂಬಿದ್ದಾರೆ ಅಂತ ನಿನಗೆಂತ ಗೊತ್ತು? ಸರಳು ಹಾಕಿ ನೋಡಬೇಕು ಅಂತ ಊರಿಗೆಲ್ಲ ಹೇಳಿದ್ದು ಅವರು. ಅವರು ಕೈ ತೊಳೆಯಲಿಕ್ಕೆ ಹೋದಾಗ ಹಾಕಿ ನೋಡಿದ್ದು ನಾನು. ಗೀರು ಹೆಚ್ಚು ಹೊರಗೆ ಕಂಡರೆ ನಿನ್ನ ಸೋದರಮಾವನಿಗೆ ಗುಟ್ಟಿನಲ್ಲಿ ಹೇಳಿ ಹೆಚ್ಚಿನ ಈಡು ತೆಗೆಸುತ್ತಿದ್ದೆ. ಅಷ್ಟು ಗತ್ತಿನಲ್ಲಿ ಕೂತು ತುಂಬುವವರ ಮರ್ಯಾದೆ ತೆಗೆಯುವುದು ಯಾಕೆ ಅಂತ."

ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದೆ. ಲಿಲ್ಲಿ ಕೇಳಿಸಿಕೊಂಡಳು. ಎಷ್ಟೋ ದಿನಗಳ ನಂತರ ಮೊದಲ ಸಲ ಕನ್ನಡದಲ್ಲಿ ಬಾಯಿಬಿಟ್ಟಳು: "ನಿಮ್ಮ ಅಮ್ಮನಷ್ಟು ತಾಳ್ಮೆ ನನಗಿಲ್ಲ. ಡಬ್ಬಿ ಇಲ್ಲಿ ಕೊಡಿ." ಆ ಬೈಗುಳ ಕೇಳಿ ನನಗೆ ಅಳು ಬರುವಷ್ಟು ಸಂತೋಷವಾಯಿತು.

ಈಗ ಶುಕ್ರವಾರ ಡಬ್ಬಿ ತುಂಬುವವಳು ಅವಳು. ಎ.ಸಿ. ಜೋರಾಗಿ ಓಡುತ್ತಿರುತ್ತದೆ, ಟಿ.ವಿ. ಅರಚುತ್ತಿರುತ್ತದೆ, ಕುತ್ತಿಗೆ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡು ತಂಗಿಯ ಜೊತೆ ಮಾತು ನಡೆದಿರುತ್ತದೆ. ಮೂರು ನಿಮಿಷದಲ್ಲಿ ಹದಿನಾಲ್ಕು ಮುಚ್ಚಳ ಖಲಾಸ್. ಆಮೇಲೆ ಹಾಳೆಯಲ್ಲಿ ಉಳಿದದ್ದನ್ನು ಎಣಿಸಿ ನೋಡುತ್ತಾಳೆ. ಇದುವರೆಗೆ ಒಂದೂ ತಪ್ಪಾಗಿಲ್ಲ, ಅದೇ ಒಂದು ಬೇಸರ. ನಾನು ಹಳೆಯ ಅಭ್ಯಾಸಕ್ಕೆ ಟವೆಲ್ ಹಾಸಿ ಎದುರಿಗೆ ಕೂತಿರುತ್ತೇನೆ. ಅವಳು ಫೋನಿನಲ್ಲಿ ಮಾತಾಡುತ್ತಲೇ ನನ್ನ ಮಧ್ಯಾಹ್ನದ ಮಾತ್ರೆ ಎತ್ತಿ ಕಣ್ಣಿನಲ್ಲೇ ಸನ್ನೆ ಮಾಡುತ್ತಾಳೆ. ಕೋವಿ ಅಣ್ಣನ ಪಾಲಿಗೆ ಹೋಯಿತೆಂದು ಇಷ್ಟು ವರ್ಷ ಕೊರಗಿದ್ದೇ ಬಂತು. ಪಪ್ಪನ ಜಾಗದಲ್ಲಿ ಕೂತಿದ್ದೇನೆಂದು ತಿಳಿದುಕೊಂಡಿದ್ದವನು, ಸದ್ದಿಲ್ಲದೆ ಬಾಯಿ ತೆರೆಯುತ್ತೇನೆ, ಅವರ ಕೋವಿಯ ಹಾಗೆ.