ಮೂರು ಮೀಟರ್, ಒಂದು ಮಾತು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಸಣ್ಣವಳಿದ್ದಾಗಲೇ ಶಾಲೆ ಬಿಟ್ಟ ನನಗೆ ಅನುಮಾನವೊಂದೇ ವಿದ್ಯೆ. ಹಾಲಿನವನು ಬಂದರೆ ಹಾಲಿಗೆ ಬೆರಳು ಅದ್ದುತ್ತೇನೆ. ಐನೋರು ಇವತ್ತು ಒಳ್ಳೆಯ ದಿನ ಎಂದರೆ ಯಾರಿಗೆ ಎಂದು ಕೇಳುತ್ತೇನೆ. ಅದರಲ್ಲೂ ಮೀಟರ್ ಎಂಬ ಜಾತಿಯನ್ನಂತೂ ನಂಬುವುದೇ ಇಲ್ಲ. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಬುಕ್ಕಸಾಗರದ ಕಡೆಯಿಂದ ಭತ್ತ ಬಂದರೆ ತೇವ ನೋಡಲು ಮಗ ಮೀಟರ್ ಹಿಡಿಯುತ್ತಾನೆ, ನಾನು ಒಂದು ಕಾಳು ಹಲ್ಲಿಗಿಟ್ಟು ಕಚ್ಚುತ್ತೇನೆ. ಕಟ್ ಎಂದರೆ ಒಣಗಿದೆ, ಮೆತ್ತಗೆ ಒತ್ತಿಕೊಂಡರೆ ಹಸಿ. ಹಲ್ಲು ಕೆಲವೇ ಉಳಿದಿವೆ, ಆದರೂ ಅವು ಯಾರ ಪಕ್ಷವೂ ಅಲ್ಲ. ಮೀಟರ್ ಮಾತ್ರ ಕೊಂಡವರ ಮಾತೇ ಆಡುತ್ತದೆ. ಇದು ಬೇರೆಯವರ ಗಿರಣಿಯ ವಿಷಯ, ನಮ್ಮದು ಹಾಗಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ಮೊಮ್ಮಗಳು ಸುಮಾ ಸಣ್ಣ ವಿಮಾನ ಹಾರಿಸುವುದು ಕಲಿತಳು. ಬಾನು ತಿಳಿಯಾಗಿದ್ದು ಕೆಳಗೆ ನೆಲ ಕಾಣುವಾಗ ಹಾರಿಸಲು ಲೈಸೆನ್ಸ್ ಸಿಕ್ಕಿತು. ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಈಗ ಮೋಡದೊಳಗೆ, ಏನೂ ಕಾಣದಾಗ, ಬರೀ ಮೀಟರ್ ನೋಡಿ ಹಾರಿಸುವ ಪರೀಕ್ಷೆಯಂತೆ. ರಜೆಗೆ ಬಂದವಳು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಆಚೀಚೆ ಕಾಣದಂತೆ ಜಟಕಾ ಕುದುರೆಯ ಕಣ್ಣುಪಟ್ಟಿಯಂಥದನ್ನು ಹಣೆಗೆ ಕಟ್ಟಿಕೊಂಡು, ಪರದೆಯ ಮೇಲೆ ಕುಣಿಯುವ ಗುಂಡು ಮೀಟರ್‌ಗಳನ್ನು ನೋಡುತ್ತ ಗೊಣಗುತ್ತಿದ್ದಳು. ಯಾರೋ ಮಾಟ ಮಾಡಿಸಿದ್ದಾರೆ ಎಂಬುದು ನನ್ನ ಮೊದಲ ಅನುಮಾನ. ವಿಮಾನಕ್ಕೆ ಗಾಜು ಹಾಕಿಸಲು ಅವಳಿಗೆ ಹಾರಿಸಲು ಕಲಿಸುವ ಶಾಲೆಯವರು ಜಿಪುಣತನ ಮಾಡಿದ್ದಾರೆ ಎಂಬುದು ಎರಡನೆಯದು.

“ಅಲ್ಲಲೇ, ಮಂಜು ಕವಿದ್ರ ನಿಮ್ಮಜ್ಜ ಸಂಡೂರು ಘಾಟ್‌ನಾಗ ಲಾರಿ ಸೈಡಿಗೆ ಹಾಕಿ ಚಾ ಕುಡೀತಿದ್ರು. ನೀ ಎಲ್ಲಿ ಸೈಡಿಗೆ ಹಾಕ್ತೀ?” ಎಂದೆ.

“ಅದಕ್ಕ ಕಲಿಯಾಕತ್ತೀನಿ ಅಜ್ಜಿ. ಮೋಡದಾಗ ಹೊಕ್ಕರ ಮೈ ಸುಳ್ಳು ಹೇಳ್ತತಿ. ವಿಮಾನ ವಾಲಿದ್ರೂ ನೆಟ್ಟಗೈತಿ ಅನ್ನಿಸ್ತತಿ. ನಾ ಮೈ ಮಾತು ಕೇಳಿ ಎರಡು ಸಲ ವಾಲಿಸಿಬಿಟ್ಟೆ. ಇನ್ನೊಮ್ಮೆ ಹಂಗ ಮಾಡಿದ್ರ ಪರೀಕ್ಷಾಕ್ಕ ಕಳ್ಸಂಗಿಲ್ಲ ಅಂದಾರ ಮಾಸ್ತರು. ಮೀಟರ್ ನಂಬಬ್ಯಾಡ, ಮೈ ನಂಬು ಅಂತ ಸಣ್ಣಾಕಿದ್ದಾಗಿಂದ ಕಲಿಸಿದಾಕಿ ನೀನ ಅಲ್ಲೇನು?”

ಮಕ್ಕಳು ಎಡವಿದರೆ ದೋಷ ಅಜ್ಜಿಯ ತಲೆಗೆ ಬರುವುದು ಹೊಸದಲ್ಲ. “ಮೈ ಯಾವತ್ತರ ಸುಳ್ಳು ಹೇಳ್ತತೇನು?” ಎಂದು ಗದರಿದೆ. ಅವಳು ಗಿರಣಿಯ ಆಫೀಸಿನಿಂದ ತಿರುಗುವ ಕುರ್ಚಿ ತಂದು, ನನ್ನನ್ನು ಕೂರಿಸಿ, ಕಣ್ಣಿಗೆ ಟವೆಲ್ ಕಟ್ಟಿ ಮೆಲ್ಲಗೆ ತಿರುಗಿಸಿದಳು. ಸೊಸೆ ಗಿರಿಜಾ ಸಾಕ್ಷಿ. ಆ ಸಾಕ್ಷಿಯ ಮೇಲೂ ನನಗೆ ಅನುಮಾನ. ಸ್ವಲ್ಪ ಹೊತ್ತಿಗೆ “ನಿಲ್ಲಿಸಿದಿ” ಎಂದೆ. ಸೊಸೆ ಕಿಸಕ್ಕನೆ ನಕ್ಕಳು. ಕುರ್ಚಿ ಇನ್ನೂ ತಿರುಗುತ್ತಿತ್ತಂತೆ. “ಈಗ ಉಲ್ಟಾ ತಿರುಗಿಸಾಕತ್ತಿ” ಎಂದೆ. ಆಗ ನಿಂತಿತ್ತಂತೆ.

“ದೇವರ ಕೋಣಿ ಎಲ್ಲೈತಿ ತೋರಸ್ರಿ ಅತ್ತಿ” ಎಂದಳು ಸೊಸೆ. ನನ್ನ ಮನೆಯ ದೇವರು ನನಗೆ ತಿಳಿಯದೇ? ತೋರಿಸುವುದೇನು, ಕೈಯೇ ಮುಗಿದೆ. ಟವೆಲ್ ಬಿಚ್ಚಿದರೆ ಎದುರಿಗಿದ್ದದ್ದು ಬಚ್ಚಲಮನೆ.

ಇಬ್ಬರೂ ಸೇರಿ ಮೋಸ ಮಾಡಿದ್ದಾರೆಂದು ಗಿರಣಿಯ ಹಮಾಲರನ್ನು ಕರೆಸಿ, ಅಂಗಳದಲ್ಲಿ ಅವರ ಮುಂದೆ ಮತ್ತೊಮ್ಮೆ ಕುಳಿತೆ. ಈ ಸಲ ಕೈಮುಗಿದದ್ದು ಭತ್ತದ ಹೊಟ್ಟಿನ ರಾಶಿಗೆ. ಮೈ ನೆಟ್ಟಗಿದೆಯೋ ವಾಲಿದೆಯೋ ಎಂದು ಹೇಳುವುದು ಕಿವಿಯೊಳಗಿನ ನೀರು, ಕಣ್ಣು ಕಟ್ಟಿದರೆ ಅದು ಹೀಗೇ ಸುಳ್ಳು ಹೇಳುತ್ತದೆ ಎಂದಳು ಸುಮಾ. ಊರನ್ನೆಲ್ಲ ಅನುಮಾನಿಸಿದವಳ ಕಿವಿಯಲ್ಲೇ ಒಬ್ಬ ಕಳ್ಳ ಕಾಲು ಚಾಚಿ ಕುಳಿತಿದ್ದ!

ಆದರೂ ಬಿಡಲಿಲ್ಲ. “ಮೀಟರ್ರ ಕೆಟ್ರ?”

“ಬರೇ ಒಂದನ್ನ ನಂಬಂಗಿಲ್ಲ ಅಜ್ಜಿ. ಒಂದು ವಾಲೈತಿ ಅಂದ್ರ ಬ್ಯಾರೆ ಎರಡನ್ನ ಕೇಳ್ಬೇಕು. ಮೂರೂ ಒಂದ ಮಾತು ಹೇಳಿದ್ರ ಮುಗೀತು. ಮೈ ಎಷ್ಟ ಬಡ್ಕೊಂಡ್ರೂ ಕೇಳಂಗಿಲ್ಲ.”

ಇದು ನನಗೆ ಹಿಡಿಸಿತು. ಸಂತೆಯಲ್ಲಿ ಮೂರು ಕಡೆ ದರ ಕೇಳಿ ನಾನು ಮಾಡುವುದೂ ಇದನ್ನೇ. ಅಂದಿನಿಂದ ಅವಳ ಅಭ್ಯಾಸಕ್ಕೆ ನಾನೇ ಮೇಲ್ವಿಚಾರಣೆ. ಒಂದು ಮೀಟರಿನ ಮೇಲೆ ಕಡಕ್ ರೊಟ್ಟಿಯ ಚೂರು ಹಿಡಿದು, “ಇದು ಸತ್ತೈತಿ. ಈಗೇನ್ ಮಾಡ್ತೀ?” ಎನ್ನುತ್ತಿದ್ದೆ. ಅವಳ ಕುರ್ಚಿಯನ್ನು ಹಿಂದಿನಿಂದ ವಾಲಿಸಿ ಕೇಳುತ್ತಿದ್ದೆ: “ಮೈ ಏನಂತತಿ?”

“ಎಡಕ್ಕ ಬೀಳಾಕತ್ತೀನಿ ಅಂತತಿ.”

“ಮೀಟರ್?”

“ನೆಟ್ಟಗದೀ ಅಂತಾವ.”

“ಯಾರ ಮಾತು ಕೇಳ್ತೀ?”

“ನಿನ್ನ ಮಾತಂತೂ ಅಲ್ಲ!”

ಪರೀಕ್ಷೆಯ ದಿನ ಫೋನ್ ಬಂತು. “ಅಜ್ಜಿ, ಪಾಸಾದೆ! ಮೋಡದಾಗ ಮೈ ಬಲಕ್ಕ ಜಗ್ಗಿತು, ನಾ ಕೇಳಲಿಲ್ಲ.”

“ನೀ ಒಂದು ಮೀಟರ್ ಆದಿ. ಮಾಸ್ತರಿಗೆ ಕೊಡು.” ಮಾಸ್ತರರು ಪಾಸ್ ಎಂದರು. “ಇನ್ನೊಬ್ಬರು ಯಾರದಾರ?” ಅವಳ ಗೆಳತಿ ಹಿಂದಿಯಲ್ಲಿ ಪಾಸ್ ಎಂದಳು. ಮೂರೂ ಒಂದೇ ಮಾತು. ನಂಬಿ ಫೋನ್ ಇಟ್ಟೆ.

ಆ ಖುಷಿಗೆ ಊಟದಲ್ಲಿ ಮಾವಿನ ಉಪ್ಪಿನಕಾಯಿ ಎರಡು ಹೋಳು ಹೆಚ್ಚಿಗೇ ಹಾಕಿಕೊಂಡೆ. ನೋಡುತ್ತಿದ್ದ ಸೊಸೆ ಬಿಪಿ ಮಷಿನ್ ತಂದು ತೋಳಿಗೆ ಸುತ್ತಿದಳು. ಹೆಚ್ಚಿದೆಯಂತೆ. “ಸುಳ್ಳು ಹೇಳ್ತತಿ ಅದು. ನನ್ನ ಮೈ ಗುಂಡುಕಲ್ಲಿದ್ದಂಗೈತಿ” ಎಂದೆ. ಅವಳು ಎದುರಾಡದೆ ಪಕ್ಕದ ಮನೆಯ ಮಷಿನ್ ತಂದಳು. ಅದೂ ಹಾಗೇ ಹೇಳಿತು. ಸಂಜೆ ಡಾಕ್ಟರ ಹತ್ತಿರ ಕರೆದೊಯ್ದಳು. ಅಲ್ಲಿಯೂ ಅದೇ.

“ಮೂರಾದ್ವು ಅತ್ತಿ” ಎಂದಳು, ನಗು ತಡೆದುಕೊಂಡು.

ಉಪ್ಪಿನಕಾಯಿ ಜಾಡಿ ಈಗ ನನ್ನ ಕೈಗೆ ಸಿಗದಂತೆ ಅಟ್ಟದ ಮೇಲಿದೆ. ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು ಮೈ ಬಡಿದುಕೊಳ್ಳುತ್ತಲೇ ಇದೆ, ನಾನು ಕೇಳುತ್ತಿಲ್ಲ. ಒಂದೇ ಒಂದು ಅನುಮಾನ ಉಳಿದಿದೆ. ಆ ಮೂರು ಮಷಿನ್ನೂ ಒಂದೇ ಅಂಗಡಿಯಲ್ಲಿ ಕೊಂಡವಲ್ಲ ತಾನೇ?